ಕಸ ಗುಡಿಸಲು ಸೈನ್ಯವೇ?

ಬೀದಿಯ ಮೂಲೆಗಳಲ್ಲಿ ಕಸವು ರಾಶಿಬಿದ್ದು ಕೊಳೆಯುತ್ತಿರುವುದನ್ನು ಕಂಡು ರೋಸಿಹೋದ ವಿದ್ಯಾವಂತರ ಬಾಯಿಂದ ಒಂದು ಮಾತು ಆಗಾಗ ಹೊರಡುವುದುಂಟು. “ಪುರಸಭೆಯವರಿಂದ ಇದು ಆಗತಕ್ಕ ಕೆಲಸವಲ್ಲ, ಸೈನ್ಯದವರನ್ನು ಕರೆಯಿಸಿ ಎಂಟು ದಿನ ಊರನ್ನು ಅವರ ವಶಕ್ಕೆ ಕೊಟ್ಟು ನೋಡಿರಿ, ಕನ್ನಡಿಯಂತೆ ಮಾಡಿಕೊಟ್ಟು ಹೋಗುವರು” ಎಂಬುದೇ ಆ ಮಾತು. ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ಊರುಗಳಲ್ಲಿಯೂ ಹೀಗೆ ಹೇಳುವವರಿದ್ದಾರೆ. ಅವರಲ್ಲಿ ವಕೀಲರೂ ಉಪಾಧ್ಯಾಯರೂ ಸರಕಾರದ ನೌಕರರೂ ಸೇರಿದ್ದಾರೆ. ಅವರ ಬೇಸರವು ನ್ಯಾಯವಾದದ್ದೇ ಸರಿ. ಆದರೆ ಅವರು ಸೂಚಿಸುವ ಉಪಾಯವು ಇಲಿಯ ಕಾಟಕ್ಕೆ ಹೆದರಿ ಮನೆಗೆ ಬೆಂಕಿಯಿಟ್ಟಂತಹದೆಂದು ನಮ್ಮ ಅಭಿಪ್ರಾಯ. ಅದು ಹೇಗೆಂಬುದನ್ನು ವಾಚಕ ಮಹಾಶಯರ ಮುಂದೆ ವಿಶದಪಡಿಸುವುದು ನಮ್ಮ ಕರ್ತವ್ಯವಾಗಿದೆ.

ಮೊದಲು ಬೇಸರದ ಕಾರಣವನ್ನು ನೋಡೋಣ. ಬೆಂಗಳೂರಿನಿಂದ ಹೊನ್ನಾವರಕ್ಕೆ ಹೋಗುವ ಹೆದ್ದಾರಿಯು ಕಡೂರು, ಬೀರೂರು, ತರೀಕೆರೆಗಳನ್ನು ಹೂವಿನಂತೆ ಪೋಣಿಸಿಕೊಂಡು ಹೋಗುತ್ತದೆ. 2013ರಲ್ಲಿ ಕಡೂರಿನಿಂದ ಚಿಕ್ಕಮಗಳೂರಿಗೆ ರೈಲು ಹೊರಟ ಮೇಲೆ ಗಿರಿಗಳನ್ನು ನೋಡಬರುವವರ ಸಂದಣಿಯೂ ಈ ದಾರಿಗೆ ಸೇರಿಕೊಂಡಿತು. ಅವರು ತಿಂದು ಬಿಸುಟ ಪೊಟ್ಟಣಗಳೂ ಕುಡಿದು ಬಿಸುಟ ಸೀಸೆಗಳೂ ನಮ್ಮ ಚರಂಡಿಗಳ ಪಾಲಾಗುತ್ತವೆ. ಇದರ ಮೇಲೆ ನಮ್ಮದೇ ಕಸವೂ ಇದೆ: ಕಡೂರು ಸೀಮೆಯ ತೆಂಗಿನ ಸಿಪ್ಪೆ, ತರೀಕೆರೆಯ ಕಡೆಯ ಅಡಿಕೆಯ ಸಿಪ್ಪೆ, ಅಜ್ಜಂಪುರದ ಈರುಳ್ಳಿಯ ಹೊಟ್ಟು, ಸಂತೆ ಕಳೆದ ಸಂಜೆ ಉಳಿಯುವ ಕೊಳೆತ ತರಕಾರಿ. ಇವೆಲ್ಲವೂ ಮಣ್ಣಿಗೆ ಸೇರಿದರೆ ಗೊಬ್ಬರ. ಪ್ಲಾಸ್ಟಿಕ್ ಚೀಲದಲ್ಲಿ ಗಂಟುಕಟ್ಟಿ ಎಸೆದರೆ ವಿಷ. ಆ ಗಂಟನ್ನು ಬೀಡಾಡಿ ದನಗಳು ಚೀಲಸಮೇತವಾಗಿ ನುಂಗುತ್ತವೆ. ರಾಜ್ಯ ಸರಕಾರದವರು ಪ್ಲಾಸ್ಟಿಕ್ ಚೀಲಗಳನ್ನು 2016ರಲ್ಲಿಯೇ ನಿಷೇಧಿಸಿದರು. ಒಮ್ಮೆ ಬಳಸಿ ಬಿಸುಡುವ ಹಲವು ವಸ್ತುಗಳನ್ನು ಕೇಂದ್ರ ಸರಕಾರದವರು 2022ರ ಜುಲೈ 1ರಿಂದ ನಿಷೇಧಿಸಿದರು. ಆಜ್ಞೆಯು ಗೋಡೆಯ ಮೇಲಿದೆ, ಚೀಲವು ಅಂಗಡಿಯಲ್ಲಿದೆ.

ಹೀಗಿರುವಾಗ ಸೈನ್ಯದ ನೆನಪಾಗುವುದು ಸಹಜ. ಸೈನಿಕನು ಹೇಳಿದ ಹೊತ್ತಿಗೆ ಏಳುತ್ತಾನೆ, ಕೊಟ್ಟ ಕೆಲಸವನ್ನು ಮುಗಿಸುತ್ತಾನೆ, ಯಾರ ಶಿಫಾರಸಿಗೂ ಮಣಿಯುವುದಿಲ್ಲ. ನಮ್ಮ ರಾಜ್ಯದಲ್ಲಿಯೇ ಇದಕ್ಕೊಂದು ನಿದರ್ಶನವಿದೆ. 2018ರ ಜನವರಿ 19ರಂದು ಬೆಂಗಳೂರಿನ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದಿತು. ಕೆರೆಗೆ ಬೆಂಕಿಯೇ ಎಂದು ಕೇಳಬೇಡಿರಿ. ಊರಿನ ಕೊಳಚೆಯನ್ನೂ ಕಸವನ್ನೂ ಅಷ್ಟು ವರ್ಷ ಉಂಡ ಕೆರೆಯಲ್ಲಿ ನೀರಿಗಿಂತ ಕಳೆಯೂ ಹೊಲಸೂ ಹೆಚ್ಚಾಗಿದ್ದುವು. ಪಕ್ಕದಲ್ಲಿದ್ದ ಸೇನಾ ಕೇಂದ್ರದಿಂದ ಸುಮಾರು ಐದು ಸಾವಿರ ಸೈನಿಕರು ಬಂದು ಅಗ್ನಿಶಾಮಕ ದಳದವರೊಡನೆ ಹೋರಾಡಿ ಬೆಂಕಿಯನ್ನು ಆರಿಸಿದರು. ಅವರಿಗೆ ಊರು ಕೃತಜ್ಞವಾಗಿರತಕ್ಕದ್ದು. ಆದರೆ ಬೆಂಕಿ ಆರಿತೆಂದು ಕೆರೆಯು ಶುದ್ಧವಾಯಿತೇ? ಅದೇ ವರ್ಷ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ರಾಜ್ಯ ಸರಕಾರಕ್ಕೆ 50 ಕೋಟಿ ರೂಪಾಯಿಗಳನ್ನೂ ಬೆಂಗಳೂರು ಮಹಾನಗರ ಪಾಲಿಕೆಗೆ 25 ಕೋಟಿ ರೂಪಾಯಿಗಳನ್ನೂ ದಂಡವಾಗಿ ವಿಧಿಸಿ, ಕೆರೆಗಳ ಶುದ್ಧಿಗೆಂದು 500 ಕೋಟಿ ರೂಪಾಯಿಗಳನ್ನು ಬೇರೆಯಾಗಿಡುವಂತೆ ಆಜ್ಞಾಪಿಸಬೇಕಾಯಿತು. ಬೆಂಕಿಯು ಒಂದು ದಿನದ ವಿಪತ್ತು, ಅದಕ್ಕೆ ಸೈನ್ಯ ಸಾಕು. ಕೊಳಚೆಯು ಪ್ರತಿದಿನದ ಅಭ್ಯಾಸ, ಅದಕ್ಕೆ ಸೈನ್ಯ ಸಾಲದು.

ಇದೇ ಪಾಠವನ್ನು ಇಟಲಿ ದೇಶದ ನೇಪಲ್ಸ್ ನಗರವು ಹೆಚ್ಚು ಬೆಲೆ ತೆತ್ತು ಕಲಿಯಿತು. 2007ರ ಕೊನೆಯಲ್ಲಿ ಅಲ್ಲಿ ಕಸ ಸುರಿಯುವ ಸ್ಥಳಗಳು ತುಂಬಿಹೋಗಿ, ಕಸವನ್ನೆತ್ತುವುದೇ ನಿಂತಿತು. 2008ರ ಜನವರಿಯಲ್ಲಿ ಸರಕಾರವು ಸೈನಿಕರನ್ನು ಕಳುಹಿಸಿತು. ಅನಂತರ ಬಂದ ಮಂತ್ರಿಮಂಡಲವು ಕಸದ ಹೊಂಡಗಳನ್ನೇ ಸೈನಿಕ ರಕ್ಷಣೆಯ ಪ್ರದೇಶಗಳೆಂದು ಸಾರಿತು. ಬೀದಿಗಳು ಬರಿದಾದುವು, ಜಯಘೋಷವೂ ಆಯಿತು. ಆದರೆ ಮನೆಯಲ್ಲಿ ಕಸವನ್ನು ಬೇರ್ಪಡಿಸುವ ಏರ್ಪಾಡಾಗಲಿ ಅದನ್ನು ವಿಲೇವಾರಿ ಮಾಡುವ ಸಾಕಷ್ಟು ಸ್ಥಾವರಗಳಾಗಲಿ ಸಿದ್ಧವಾಗಿರಲಿಲ್ಲ. 2011ರಲ್ಲಿ ಪುನಃ ರಾಶಿಗಳು ಎದ್ದುವು, ಪುನಃ ಸೈನಿಕರು ಬಂದರು. ಕಟ್ಟಕಡೆಗೆ 2015ರಲ್ಲಿ ಐರೋಪ್ಯ ನ್ಯಾಯಾಲಯವು ಆ ದೇಶಕ್ಕೆ 2 ಕೋಟಿ ಯೂರೋ ದಂಡವನ್ನೂ, ಸರಿಪಡಿಸುವವರೆಗೆ ದಿನವೊಂದಕ್ಕೆ 1,20,000 ಯೂರೋಗಳನ್ನೂ ವಿಧಿಸಿತು. ಸೈನಿಕನು ರಾಶಿಯನ್ನೆತ್ತಬಲ್ಲನು, ನಾಳೆಯ ರಾಶಿಯನ್ನು ತಡೆಯಲಾರನು.

ಇನ್ನೊಂದು ಸಂಗತಿಯು ಇದಕ್ಕಿಂತ ಗಹನವಾದದ್ದು. ಸೈನಿಕನು ತನ್ನ ಅಧಿಕಾರಿಗೆ ಉತ್ತರ ಹೇಳತಕ್ಕವನು, ತೆರಿಗೆ ಕೊಡುವ ಪೌರನಿಗಲ್ಲ. 1897ರಲ್ಲಿ ಪುಣೆಯಲ್ಲಿ ಪ್ಲೇಗು ಹಬ್ಬಿದಾಗ ಆಂಗ್ಲ ಸರಕಾರವು ರ್‍ಯಾಂಡ್ ಎಂಬ ಅಧಿಕಾರಿಯ ಕೆಳಗೆ ಗೋರಾ ಸಿಪಾಯಿಗಳನ್ನು ಮನೆಮನೆಗೂ ನುಗ್ಗಿಸಿತು. ರೋಗಿಗಳನ್ನು ಹುಡುಕುವುದು, ಮನೆಗಳನ್ನು ಶುದ್ಧಮಾಡುವುದು ಉದ್ದೇಶ; ಅಡಿಗೆಯ ಮನೆ, ದೇವರ ಮನೆ ಎಂಬ ಭೇದವಿಲ್ಲದೆ ಹೊಕ್ಕಿದ್ದು ಫಲ. ಜೂನ್ 22ರ ರಾತ್ರಿ ಚಾಫೇಕರ್ ಸಹೋದರರ ಗುಂಡಿಗೆ ರ್‍ಯಾಂಡನು ಗುರಿಯಾದನು. ಲೋಕಮಾನ್ಯ ತಿಲಕರು ತಮ್ಮ ಪತ್ರಿಕೆಯ ಬರಹಕ್ಕಾಗಿ ರಾಜದ್ರೋಹದ ಆರೋಪಹೊತ್ತು ಸೆರೆಮನೆಗೆ ನಡೆದರು. ಇಂದಿನ ಸೈನ್ಯವು ಪರರದಲ್ಲ, ನಮ್ಮದು. ನಮ್ಮ ಮಕ್ಕಳೇ ಅದರಲ್ಲಿರುವರು. ಆದುದರಿಂದ ಅಂದಿನ ದಬ್ಬಾಳಿಕೆಯನ್ನು ಇಂದು ಯಾರೂ ಶಂಕಿಸಬೇಕಾಗಿಲ್ಲ. ಆದರೂ ಶುಚಿತ್ವವು ಜನರ ಸಮ್ಮತಿಯಿಂದ ನಡೆಯತಕ್ಕ ಕಾರ್ಯವೇ ಹೊರತು ಆಜ್ಞೆಯಿಂದ ನಡೆಯತಕ್ಕದ್ದಲ್ಲವೆಂಬ ಮಾತು ಅಂದಿನಂತೆ ಇಂದಿಗೂ ಸತ್ಯ.

ನಮ್ಮ ಸೀಮೆಯ ಚರಿತ್ರೆಯೂ ಇದಕ್ಕೆ ಸಾಕ್ಷಿಯಿದೆ. 1830ರಲ್ಲಿ ನಗರದ ರೈತರು ದಂಗೆಯೆದ್ದಾಗ ತರೀಕೆರೆಯ ಪಾಳೆಯಗಾರರ ವಂಶದವರೂ ಅದರಲ್ಲಿ ಸೇರಿದರು. ಮುಮ್ಮಡಿ ಕೃಷ್ಣರಾಜ ಒಡೆಯರವರ ಸರಕಾರವು ಅದನ್ನು ತಾನಾಗಿ ಅಡಗಿಸಲಾರದೆ ಕಂಪೆನಿಯ ದಂಡನ್ನು ಕರೆಯಿಸಿತು. ದಂಗೆಯು ಅಡಗಿತು; ಆದರೆ ಮರುವರ್ಷ ರಾಜ್ಯದ ಆಡಳಿತವೇ ಕಂಪೆನಿಯವರ ಕೈಸೇರಿತು. ಅದು ಹಿಂದಿರುಗಿ ಬರಲು 1881ರವರೆಗೆ ಐವತ್ತು ವರ್ಷ ಹಿಡಿಯಿತು. ತನ್ನ ಮನೆಯನ್ನು ತಾನು ಆಳಲಾರೆನೆಂದು ಒಪ್ಪಿಕೊಂಡವನ ಬೀಗದಕೈ ಅವನ ಸೊಂಟದಲ್ಲಿ ಬಹಳ ದಿನ ಉಳಿಯುವುದಿಲ್ಲ. ರಾಜ್ಯಾಂಗಕ್ಕೆ 1992ರಲ್ಲಿ ಆದ 74ನೆಯ ತಿದ್ದುಪಡಿಯು ಸಾರ್ವಜನಿಕ ಆರೋಗ್ಯ, ನೈರ್ಮಲ್ಯ, ಘನತ್ಯಾಜ್ಯದ ವಿಲೇವಾರಿಗಳನ್ನು ಪುರಸಭೆಗಳಿಗೆ ವಹಿಸಬಹುದಾದ ಕಾರ್ಯಗಳ ಪಟ್ಟಿಯಲ್ಲಿ ಸೇರಿಸಿತು. ಬೀದಿ ಗುಡಿಸುವುದು ಪುರಸಭೆಯ ಆದ್ಯ ಕರ್ತವ್ಯವೆಂದು 1964ರ ಕರ್ನಾಟಕ ಪುರಸಭೆಗಳ ಅಧಿನಿಯಮವು ಅದಕ್ಕೂ ಮೊದಲೇ ಹೇಳಿತ್ತು. ಇಷ್ಟಿದ್ದರೂ ಅಧ್ಯಕ್ಷ ಸ್ಥಾನಗಳ ಮೀಸಲಾತಿಯ ವ್ಯಾಜ್ಯದಿಂದಾಗಿ, 2018ರ ಚುನಾವಣೆಗಳ ತರುವಾಯ ರಾಜ್ಯದ ಅನೇಕ ಪುರಸಭೆಗಳು ಎರಡು ಬಾರಿ ದೀರ್ಘಕಾಲ ಅಧ್ಯಕ್ಷರಿಲ್ಲದೆ ಅಧಿಕಾರಿಗಳ ಕೈಯಲ್ಲಿ ನಡೆದುವು. ಆಗ ಬೀದಿಗಿಳಿದು ಕೇಳಿದ ಪೌರರೆಷ್ಟು ಮಂದಿ? ಕಸಕ್ಕಾಗಿ ಸೈನ್ಯವನ್ನು ಬೇಡುವವರು ಮೊದಲು ತಮ್ಮ ಪುರಸಭೆಯನ್ನು ಬೇಡಬೇಕಾಗಿತ್ತು.

ಸೈನ್ಯದ ಪ್ರದೇಶಗಳು ಶುಭ್ರವಾಗಿರುವುದನ್ನು ಕೆಲವರು ಬೊಟ್ಟುಮಾಡಿ ತೋರಿಸುವರು. ಬೆಳಗಾವಿಯ ದಂಡಿನ ಪ್ರದೇಶವನ್ನೇ ತೆಗೆದುಕೊಳ್ಳೋಣ. ಅಲ್ಲಿಯ ಪೌರಬೀದಿಗಳನ್ನು ಗುಡಿಸತಕ್ಕವರು ಸಿಪಾಯಿಗಳಲ್ಲ. ದಂಡುಮಂಡಳಿಯ ಸಂಬಳ ಪಡೆಯುವ ಸಫಾಯಿಯವರು. ಅಲ್ಲಿ ಸೈನ್ಯವು ಕೊಟ್ಟಿರುವುದು ಕೈಯನ್ನಲ್ಲ, ಕ್ರಮವನ್ನು: ಇಂಥ ಬೀದಿ ಇಂಥವನದು, ಇಂಥ ಹೊತ್ತಿಗೆ ಮುಗಿಯತಕ್ಕದ್ದು, ಮುಗಿಯಿತೇ ಎಂದು ಇಂಥವರು ನೋಡತಕ್ಕದ್ದು. ಈ ಕ್ರಮವನ್ನು ಕಲಿಯಲು ಬಂದೂಕು ಬೇಕಾಗಿಲ್ಲ.

ಇದನ್ನು ಅಜ್ಜಂಪುರದವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೈದರಾಲಿ, ಟೀಪುಗಳ ತೋಪುಗಳನ್ನೆಳೆದ ಅಮೃತಮಹಲ್ ತಳಿಯ ರಾಸುಗಳ ಸಂವರ್ಧನಕೇಂದ್ರವು ಆ ಊರಿನಲ್ಲಿದೆ. ಆ ದಂಡುಗಳ ವೇಗವನ್ನು ಕಂಡು ಶತ್ರುಗಳು ಬೆರಗಾದರು. ಆ ವೇಗದ ಮೂಲವು ರಣರಂಗದಲ್ಲಿರಲಿಲ್ಲ, ಕಾವಲುಗಳಲ್ಲಿತ್ತು. ಋತುವಿಗೊಂದು ಹುಲ್ಲುಗಾವಲು, ರಾಸುಗಳ ಲೆಕ್ಕ, ಹೊಣೆಹೊತ್ತ ಸೇರ್ವೆಗಾರರು, ಹೀಗೆ ದಿನದಿನದ ಆರೈಕೆ. 1860ರಲ್ಲಿ ಮಿತವ್ಯಯದ ಹೆಸರಿನಲ್ಲಿ ಆ ಇಲಾಖೆಯನ್ನು ಮುಚ್ಚಿ ರಾಸುಗಳನ್ನು ಮಾರಿಬಿಟ್ಟರು; ಆರೇಳು ವರ್ಷಗಳೊಳಗೆ ತಪ್ಪು ತಿಳಿದು, ಅಳಿದುಳಿದವನ್ನು ಕೊಂಡುತಂದು ಪುನಃ ಸ್ಥಾಪಿಸಬೇಕಾಯಿತು. ದಿನದ ಆರೈಕೆಯಲ್ಲಿ ಉಳಿಸಿದ ಕಾಸು ವಿಪತ್ತಿನ ದಿನ ರೂಪಾಯಿಯಾಗಿ ಹೋಗುತ್ತದೆ. ಊರಿನ ಶುಚಿತ್ವಕ್ಕೂ ಇದೇ ನ್ಯಾಯ.

ನಮ್ಮ ಊರುಗಳ ದಿನದ ಆರೈಕೆಯನ್ನು ಹೊತ್ತವರು ಯಾರು? ಪೌರಕಾರ್ಮಿಕರು. 1976ರ ಐ. ಪಿ. ಡಿ. ಸಾಲಪ್ಪ ಸಮಿತಿಯ ವರದಿಯು 500 ಜನರಿಗೆ ಒಬ್ಬ ಪೌರಕಾರ್ಮಿಕರಿರಬೇಕೆಂದಿತು. ತರುವಾಯ ಸರಕಾರವು ಅದನ್ನು 700 ಜನರಿಗೆ ಒಬ್ಬರೆಂದು ಸಡಿಲಿಸಿತು. 35,000 ಜನರಿರುವ ಊರಿಗೆ ಮೊದಲಿನ ಲೆಕ್ಕದಲ್ಲಿ 70 ಮಂದಿ, ಎರಡನೆಯದರಲ್ಲಿ 50 ಮಂದಿ ಬೇಕು. ನಮ್ಮ ಪುರಸಭೆಗಳ ಹಾಜರಿ ಪುಸ್ತಕದಲ್ಲಿ ಎಷ್ಟು ಹೆಸರುಗಳಿವೆ, ಅವರಲ್ಲಿ ಖಾಯಮಾದವರೆಷ್ಟು ಮಂದಿ, ಕಂಟ್ರಾಕ್ಟುದಾರನ ಕೈಕೆಳಗಿರುವವರೆಷ್ಟು ಮಂದಿ ಎಂಬುದನ್ನು ಪ್ರತಿಯೊಬ್ಬ ಪೌರನೂ ಹೋಗಿ ಕೇಳಲಿ. 2022ರ ಜುಲೈ ಮೊದಲ ವಾರದಲ್ಲಿ ರಾಜ್ಯದ ಪೌರಕಾರ್ಮಿಕರು ಖಾಯಮಾತಿಗಾಗಿ ಕೆಲಸ ನಿಲ್ಲಿಸಿದಾಗ ಬೆಂಗಳೂರಿನಂತಹ ನಗರವೂ ನಾಲ್ಕು ದಿನಗಳಲ್ಲಿ ಅವರ ಬೆಲೆಯನ್ನು ಅರಿಯಿತು.

ಸೈನಿಕನಿಗೆ ಸಮವಸ್ತ್ರವುಂಟು, ಬೂಟುಂಟು, ಹೊಟ್ಟೆತುಂಬ ಊಟವುಂಟು, ಕಾಹಿಲೆಯಾದರೆ ಆಸ್ಪತ್ರೆಯುಂಟು. ಇದೆಲ್ಲವೂ ಯೋಗ್ಯವೇ ಸರಿ. ಬೆಳಗಿನ ಜಾವ ನಮ್ಮ ಬಾಗಿಲ ಮುಂದೆ ಗುಡಿಸುವ ಹೆಂಗಸಿಗೆ ಏನುಂಟು? ಬರಿಗೈಯಿಂದ ಒಡೆದ ಗಾಜನ್ನೂ ರೋಗಿಯ ಬಟ್ಟೆಯನ್ನೂ ಅವಳು ಆರಿಸಬೇಕು. ಇಂದು ಒಬ್ಬ ಸಿಪಾಯಿ ಬಂದು ನಮ್ಮ ಬೀದಿಯಲ್ಲಿ ಒಂದು ಬುಟ್ಟಿ ಕಸವನ್ನೆತ್ತಿದರೆ ಹಾರಹಾಕಿ ಭಾವಚಿತ್ರ ತೆಗೆಸುವೆವು; ಮೂವತ್ತು ವರ್ಷ ಎತ್ತಿದವಳು ಬಾಯಾರಿ ಕೇಳಿದರೆ ಒಂದು ಲೋಟ ನೀರು ಕೊಡಲು ಅನುಮಾನಿಸುವೆವು. ಕೆಲಸ ಒಂದೇ, ಕಸ ಒಂದೇ. ಗೌರವ ಮಾತ್ರ ಬೇರೆ. ಸೈನ್ಯ ಬರಲೆಂಬ ಕೂಗಿನ ಅಡಿಯಲ್ಲಿ ಈ ಜಾತಿಯ ರೋಗವು ಅಡಗಿದೆಯೆಂದು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ. 1901ರಲ್ಲಿ ಕಲ್ಕತ್ತೆಯ ಕಾಂಗ್ರೆಸ್ಸಿನಲ್ಲಿ ಪಾಯಿಖಾನೆಯ ಹೊಲಸನ್ನು ತೋರಿಸಿದಾಗ ಸ್ವಯಂಸೇವಕರು ಅದು ತಮ್ಮ ಕೆಲಸವಲ್ಲ, ಜಾಡಮಾಲಿಯ ಕೆಲಸವೆಂದರು. ಗಾಂಧಿಯವರು ವಾದಿಸಲಿಲ್ಲ, ಪೊರಕೆ ಹುಡುಕಿ ತಾವೇ ಶುದ್ಧಮಾಡಿದರು. ಆ ಸ್ವಯಂಸೇವಕರ ಉತ್ತರವು ನಮ್ಮ ಅನೇಕರ ಮನಸ್ಸಿನಲ್ಲಿ ಇನ್ನೂ ಇದೆ.

ಸೈನ್ಯವಿಲ್ಲದೆಯೇ ಊರು ಶುದ್ಧವಾಗಬಲ್ಲದೇ ಎಂದು ಕೇಳುವವರಿಗೆ ಸೂರತ್ ನಗರವನ್ನು ತೋರಿಸಬಹುದು. 1994ರ ಸೆಪ್ಟೆಂಬರಿನಲ್ಲಿ ಪ್ಲೇಗಿನ ಭೀತಿಯಿಂದ ಲಕ್ಷಾಂತರ ಜನರು ಬಿಟ್ಟೋಡಿದ ಊರು ಅದು. 1995ರಲ್ಲಿ ಅಲ್ಲಿಗೆ ಪುರಸಭಾ ಕಮಿಷನರಾಗಿ ಬಂದ ಎಸ್. ಆರ್. ರಾವ್ ಅವರು ಅಧಿಕಾರಿಗಳನ್ನು ಪ್ರತಿದಿನವೂ ಕುರ್ಚಿಯಿಂದೆಬ್ಬಿಸಿ ಬೀದಿಗೆ ಕಳುಹಿಸಿದರು. ಪ್ರತಿವಲಯಕ್ಕೂ ಹೊಣೆಗಾರರನ್ನು ನೇಮಿಸಿದರು. ಕಸ ಚೆಲ್ಲಿದವರಿಗೆ ದಂಡ ಹಾಕಿದರು. ಎರಡು ವರ್ಷಗಳೊಳಗೆ ಆ ಊರು ದೇಶದ ಅತ್ಯಂತ ಶುಭ್ರವಾದ ನಗರಗಳಲ್ಲೊಂದೆಂದು ಹೆಸರಾಯಿತು. ಜನರೂ ಅವರೇ, ಬೀದಿಗಳೂ ಅವೇ. ಬದಲಾದದ್ದು ಆಡಳಿತದ ಬೆನ್ನುಮೂಳೆ.

ಪ್ರಳಯ, ಭೂಕಂಪ, ಮಹಾಮಾರಿ ಇಂತಹ ವಿಪತ್ತುಗಳಲ್ಲಿ ಸೈನ್ಯವನ್ನು ಕರೆಯಲೇಬೇಕು. ಆಗ ಹಿಂಜರಿಯುವುದು ಅಪರಾಧ. ಆದರೆ ಸಂತೆಯ ಕಸವು ವಿಪತ್ತಲ್ಲ. ಆದುದರಿಂದ ನಮ್ಮ ಬಿನ್ನಹವಿಷ್ಟೆ. ಮುಖ್ಯಾಧಿಕಾರಿಗಳು ಬೆಳಗಿನ ಆರು ಗಂಟೆಗೆ ಬೀದಿಯಲ್ಲಿರಲಿ. ಕೌನ್ಸಿಲರುಗಳು ಖಾಲಿ ಹುದ್ದೆಗಳ ಭರ್ತಿಗಾಗಿ ಹೋರಾಡಲಿ. ಕೈಗವಸು, ಬೂಟು, ವೈದ್ಯಪರೀಕ್ಷೆಗಳಿಗೆ ಹಣವನ್ನು ಮೊದಲು ತೆಗೆದಿಟ್ಟು ಆಮೇಲೆ ಕಮಾನುಗಳ ಮಾತಾಡಲಿ. ವರ್ತಕರು ನಿಷೇಧಿತ ಚೀಲವನ್ನು ಕೊಡದಿರಲಿ, ಗಿರಾಕಿಗಳು ಕೇಳದಿರಲಿ. 2016ರ ನಿಯಮಗಳು ವಿಧಿಸಿದ ಹಸಿ ಕಸ, ಒಣ ಕಸಗಳ ವಿಂಗಡಣೆಯು ಅಡಿಗೆಯ ಮನೆಯಲ್ಲಿಯೇ ನಡೆಯಲಿ. ತೆಂಗು ಅಡಿಕೆಗಳ ತೋಟಗಳು ಸುತ್ತಲೂ ಇರುವ ನಮ್ಮ ಊರುಗಳಲ್ಲಿ ಹಸಿ ಕಸಕ್ಕೆ ಗಿರಾಕಿಗಳಿಲ್ಲವೆಂದರೆ ನಗೆಪಾಟಲಾದೀತು. ತರುಣರಿಗೆ ಕವಾಯತಿನಲ್ಲಿ ಉತ್ಸಾಹವಿದ್ದರೆ ಹುಬ್ಬಳ್ಳಿಯ ಡಾಕ್ಟರ್ ನಾ. ಸು. ಹರ್ಡೀಕರರನ್ನು ನೆನೆಯಲಿ. ಅವರು ಕಟ್ಟಿದ ಸೇವಾದಳವು 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ದುಡಿದಾಗ ಅದರಲ್ಲಿ ಸೈನ್ಯದ ಶಿಸ್ತೆಲ್ಲವೂ ಇತ್ತು, ಆಯುಧವೊಂದಿರಲಿಲ್ಲ.

ಗಡಿಯನ್ನು ಕಾಯಲು ನಮ್ಮ ಮಕ್ಕಳನ್ನು ಕಳುಹಿಸಿದ್ದೇವೆ. ಅವರು ಹಿಮದಲ್ಲಿ ನಿಂತು ಕಾಯುತ್ತಿರುವುದು ಈ ಬೀದಿಗಳನ್ನೇ. ಆ ಬೀದಿಗಳನ್ನು ಗುಡಿಸಲೂ ಅವರನ್ನೇ ಕರೆಯುವುದಾದರೆ ನಾವು ಇಲ್ಲಿ ಉಳಿದಿರುವುದು ಏತಕ್ಕೆ? ಸ್ವರಾಜ್ಯವು ದಿಲ್ಲಿಗೆ 1947ರಲ್ಲಿ ಬಂದಿತು. ಅದು ಕಡೂರಿನ ಸಂತೆಮಾಳಕ್ಕೂ ತರೀಕೆರೆಯ ಚರಂಡಿಗೂ ಅಜ್ಜಂಪುರದ ಓಣಿಗೂ ತಲುಪುವುದು ನಮ್ಮ ಕೈಗೆ ಪೊರಕೆ ಬಂದ ದಿನ.