ಸ್ತನವರ್ಧನೆ ಮತ್ತು ವಲಯಸಂಕೋಚ: ಒಂದು ಜೋಡಿ ಶಸ್ತ್ರಚಿಕಿತ್ಸೆಯ ಚರಿತ್ರೆ

ಸ್ತನದೊಳಗೆ ಸಿಲಿಕೋನ್ ಚೀಲವನ್ನಿಟ್ಟು ಅದರ ಗಾತ್ರವನ್ನು ಹೆಚ್ಚಿಸುವುದು ಒಂದು ಶಸ್ತ್ರಚಿಕಿತ್ಸೆ. ಮೊಲೆತೊಟ್ಟಿನ ಸುತ್ತಣ ಕಂದುಬಣ್ಣದ ವಲಯವನ್ನು ಕಿರಿದುಮಾಡುವುದು ಮತ್ತೊಂದು. ಇವೆರಡನ್ನೂ ಒಂದೇ ಸಲಕ್ಕೆ ನೆರವೇರಿಸುವ ಪದ್ಧತಿ ಇಂದು ಅನೇಕ ದೇಶಗಳಲ್ಲಿ ರೂಢಿಯಲ್ಲಿದೆ. ಈ ಪದ್ಧತಿ ಹೇಗೆ ಬೆಳೆದುಬಂದಿತು, ಅದರ ಒಳಗಣ ತೊಡಕು ಯಾವುದು, ಅದರ ಚರಿತ್ರೆಯಿಂದ ನಾವು ಅರಿಯಬೇಕಾದುದೇನು ಎಂಬ ಪ್ರಶ್ನೆಗಳನ್ನು ಇಲ್ಲಿ ಸಂಗ್ರಹವಾಗಿ ವಿವೇಚಿಸಲಾಗಿದೆ.

ಸ್ತನದ ಆಕಾರವನ್ನು ಮರಳಿ ಕಟ್ಟುವ ಯತ್ನ ಮೊದಲು ಹುಟ್ಟಿದುದು ರೋಗಚಿಕಿತ್ಸೆಯ ಸಂದರ್ಭದಲ್ಲಿ. 1895ರಲ್ಲಿ ಜರ್ಮನಿಯ ಹೈಡಲ್‌ಬರ್ಗ್‌ನ ವಿನ್ಸೆಂಟ್ಸ್ ಚೆರ್ನಿ ಎಂಬ ಶಸ್ತ್ರವೈದ್ಯರು, ಗಡ್ಡೆಯನ್ನು ತೆಗೆದುದರಿಂದ ಬರಿದಾದ ಸ್ತನವನ್ನು ಅದೇ ರೋಗಿಯ ಸೊಂಟದ ಭಾಗದಲ್ಲಿದ್ದ ಕೊಬ್ಬಿನ ಗಂಟಿನಿಂದ ತುಂಬಿದರು. ತರುವಾಯ ಬಂದ ಪ್ಯಾರಫಿನ್ ಚುಚ್ಚುಮದ್ದು ಗಂಟು, ಹುಣ್ಣುಗಳಲ್ಲಿ ಪರ್ಯವಸಾನಗೊಂಡಿತು. 1950ರ ದಶಕದಲ್ಲಿ ಬಳಸಿದ ಪ್ಲಾಸ್ಟಿಕ್ ಸ್ಪಂಜು ದೇಹದೊಳಗೆ ಗಟ್ಟಿಯಾಗಿ ಕುಗ್ಗಿತು. 1962ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಥಾಮಸ್ ಕ್ರೋನಿನ್ ಮತ್ತು ಫ್ರಾಂಕ್ ಜೆರೋ ಎಂಬ ವೈದ್ಯರು ಸಿಲಿಕೋನ್ ಜೆಲ್ ತುಂಬಿದ ಚೀಲವನ್ನು ಮೊದಲ ಬಾರಿಗೆ ಮಹಿಳೆಯೊಬ್ಬರಿಗೆ ಅಳವಡಿಸಿದರು. ಆಕೆ ಆಸ್ಪತ್ರೆಗೆ ಬಂದುದು ಎದೆಯ ಮೇಲಣ ಹಚ್ಚೆಯನ್ನು ತೆಗೆಸಿಕೊಳ್ಳುವುದಕ್ಕೆ. ಚೀಲದ ಸಲಹೆ ಬಂದುದು ವೈದ್ಯರಿಂದ ಎಂಬುದು ಗಮನಾರ್ಹವಾದ ಸಂಗತಿ.

ಇನ್ನು ವಲಯಸಂಕೋಚದ ಕ್ರಮ. ತೊಟ್ಟನ್ನು ಕೇಂದ್ರವಾಗಿಟ್ಟುಕೊಂಡು ಎರಡು ವೃತ್ತಗಳನ್ನು ಗುರುತಿಸುತ್ತಾರೆ. ಒಳವೃತ್ತವು ಉದ್ದೇಶಿತ ಅಳತೆ, ಸಾಮಾನ್ಯವಾಗಿ ಸುಮಾರು 4 ಸೆಂಟಿಮೀಟರ್ ವ್ಯಾಸದ್ದು. ಹೊರವೃತ್ತವು ವಲಯದ ಈಗಿನ ಅಂಚು. ನಡುವಣ ಬಳೆಯಾಕಾರದ ಚರ್ಮದ ಮೇಲ್ಪದರವನ್ನು ತೆಗೆದು, ಹೊರ ಅಂಚನ್ನು ಒಳ ಅಂಚಿಗೆ ಕೂಡಿಸಿ ಹೊಲಿಯುತ್ತಾರೆ. ತೊಟ್ಟು ತನ್ನ ಕೆಳಗಣ ಅಂಗಾಂಶದಿಂದ ಬೇರ್ಪಡದ ಕಾರಣ ಅದಕ್ಕೆ ರಕ್ತಸಂಚಾರ ಉಳಿಯುತ್ತದೆ. 1990ರಲ್ಲಿ ಫ್ರಾನ್ಸಿನ ಲೂಯಿ ಬೆನೆಲ್ಲಿಯವರು, ಎಲೆಯಡಿಕೆಯ ಸಂಚಿಯ ಬಾಯನ್ನು ದಾರವೆಳೆದು ಮುಚ್ಚುವಂತೆ, ಕರಗದ ದಾರವೊಂದನ್ನು ಅಂಚಿನ ಸುತ್ತ ಹಾಯಿಸಿ ಬಿಗಿಯುವ ವಿಧಾನವನ್ನು ಪ್ರಕಟಿಸಿದರು.

ಎರಡನ್ನೂ ಜೊತೆಗೂಡಿಸುವುದರ ಅನುಕೂಲ ಸ್ಪಷ್ಟವಾಗಿದೆ. ಅರಿವಳಿಕೆ ಒಮ್ಮೆ ಸಾಕು. ಚೀಲವನ್ನು ಅದೇ ಗಾಯದ ಮೂಲಕ ಒಳಸೇರಿಸಬಹುದು. ಕಲೆಯು ಬಣ್ಣದ ಗಡಿಯಲ್ಲಿ ಮರೆಯಾಗುತ್ತದೆ. ಆದರೆ ಈ ಎರಡು ಕ್ರಿಯೆಗಳು ಪರಸ್ಪರ ವಿರುದ್ಧ ದಿಕ್ಕಿನವು. ಚೀಲವು ಚರ್ಮವನ್ನು ಒಳಗಿನಿಂದ ಹೊರಕ್ಕೆ ತಳ್ಳಿ ಹಿಗ್ಗಿಸುತ್ತದೆ. ಹೊಲಿಗೆಯು ಅದೇ ಚರ್ಮವನ್ನು ನಡುವಿಗೆ ಸೆಳೆಯುತ್ತದೆ. ಈ ಎಳೆತದಲ್ಲಿ ಹೊಲಿಗೆ ಸೋತರೆ ಕಲೆ ಅಗಲವಾಗುತ್ತದೆ, ಕಿರಿದಾದ ವಲಯ ಮತ್ತೆ ಹರಡುತ್ತದೆ. ಮೇಲಾಗಿ ಹಾಲಿನ ನಾಳಗಳಲ್ಲಿ ಸಹಜವಾಗಿ ವಾಸಿಸುವ ಬ್ಯಾಕ್ಟೀರಿಯಾ ಚೀಲವನ್ನು ಮುಟ್ಟಿದರೆ, ಅದರ ಸುತ್ತ ದೇಹವೇ ಕಟ್ಟುವ ಪೊರೆ ಬಿಗಿದು ಸ್ತನ ಗಡುಸಾಗುವ ಸಂಭವ ಹೆಚ್ಚು. ತೊಟ್ಟಿನ ಸ್ಪರ್ಶಜ್ಞಾನಕ್ಕೂ ಮುಂದೆ ಮಗುವಿಗೆ ಹಾಲೂಡುವುದಕ್ಕೂ ಕುಂದುಂಟಾಗಬಹುದು. ಆದಕಾರಣ ಕೆಲವು ವೈದ್ಯರು ಚೀಲವನ್ನು ಸ್ತನದ ಕೆಳಮಡಿಕೆಯಿಂದ ಸೇರಿಸುತ್ತಾರೆ. ಮತ್ತೆ ಕೆಲವರು ಎರಡು ಚಿಕಿತ್ಸೆಗಳ ನಡುವೆ ಕೆಲವು ತಿಂಗಳ ಅಂತರವಿಡುತ್ತಾರೆ.

ಈ ಅಪಾಯಗಳ ಅರಿವು ಸಾರ್ವಜನಿಕರಿಗೆ ತಲಪಿದುದು ನಿಧಾನವಾಗಿ. ಅಮೆರಿಕದಲ್ಲಿ ವೈದ್ಯಕೀಯ ಉಪಕರಣಗಳ ಕಾಯಿದೆ ಬಂದುದು 1976ರಲ್ಲಿ. ಅದಕ್ಕೆ ಮೊದಲೇ ಮಾರುಕಟ್ಟೆಯಲ್ಲಿದ್ದ ಚೀಲಗಳ ಮಾರಾಟ ಹಾಗೆಯೇ ಮುಂದುವರಿಯಿತು. 1992ರಲ್ಲಿ ಅಲ್ಲಿಯ ಸರ್ಕಾರ ಜೆಲ್ ಚೀಲಗಳ ಬಳಕೆಗೆ ನಿರ್ಬಂಧ ಹಾಕಿತು. ಮೊಕದ್ದಮೆಗಳ ಭಾರದಿಂದ ಡೌ ಕಾರ್ನಿಂಗ್ ಕಂಪನಿ 1995ರಲ್ಲಿ ದಿವಾಳಿ ರಕ್ಷಣೆಯನ್ನು ಕೋರಿತು. ಆದರೆ 1999ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್, ಚೀಲಗಳಿಂದ ಸರ್ವಾಂಗವ್ಯಾಪಿ ರೋಗಗಳು ಬರುವುವೆಂಬುದಕ್ಕೆ ಸಾಕಷ್ಟು ಆಧಾರವಿಲ್ಲವೆಂದೂ, ಒಡೆಯುವುದು, ಗಡುಸಾಗುವುದು, ಮರುಶಸ್ತ್ರಚಿಕಿತ್ಸೆ ಇವೇ ಮುಖ್ಯ ತೊಂದರೆಗಳೆಂದೂ ನಿರ್ಣಯಿಸಿತು. 2006ರಲ್ಲಿ ಅನುಮತಿ ಮರಳಿ ದೊರೆಯಿತು. 2010ರಲ್ಲಿ ಫ್ರಾನ್ಸಿನ ಪಿ.ಐ.ಪಿ. ಕಂಪನಿ ಕೈಗಾರಿಕಾ ಸಿಲಿಕೋನನ್ನು ತುಂಬಿ ಮಾರುತ್ತಿದ್ದುದು ಬಯಲಾಯಿತು. 2013ರಲ್ಲಿ ಅದರ ಸ್ಥಾಪಕನಿಗೆ ಸೆರೆವಾಸದ ಶಿಕ್ಷೆ ವಿಧಿಸಲಾಯಿತು. 2019ರಲ್ಲಿ ಒಂದು ಬಗೆಯ ಒರಟುಮೈ ಚೀಲ, ವಿರಳವಾದ ಲಿಂಫೋಮಾ ಕ್ಯಾನ್ಸರಿನೊಡನೆ ಅದಕ್ಕಿದ್ದ ಸಂಬಂಧದ ಕಾರಣ, ಮಾರುಕಟ್ಟೆಯಿಂದ ಹಿಂದೆಗೆಯಲ್ಪಟ್ಟಿತು. ಚಿಕಿತ್ಸೆಗೆ ಮೊದಲು ಅಪಾಯಗಳ ಪಟ್ಟಿಯನ್ನು ಮಹಿಳೆಯ ಮುಂದಿಟ್ಟು ಪರಿಶೀಲಿಸಲೇಬೇಕೆಂಬ ನಿಯಮ ಅಮೆರಿಕದಲ್ಲಿ ಬಂದುದು 2021ರಲ್ಲಿ.

ಹಾಗೆಂದರೆ, ಮೊದಲ ಜೆಲ್ ಚೀಲಕ್ಕೂ ಈ ಪಟ್ಟಿಗೂ ನಡುವೆ 59 ವರ್ಷಗಳ ಅಂತರವಿದೆ. ಉಪಕರಣವು ಮುಂದೆ ನಡೆಯಿತು. ಅದರ ಅರಿವು ಹಿಂದೆ ಬಂದಿತು. ಈ ಅವಧಿಯ ತಪ್ಪುಗಳ ಬೆಲೆಯನ್ನು ತೆತ್ತವರು ತಯಾರಕರಿಗಿಂತ ಮೊದಲು ಮಹಿಳೆಯರು. ತನ್ನ ದೇಹದ ವಿಷಯದಲ್ಲಿ ನಿರ್ಧಾರ ಆಯಾ ಮಹಿಳೆಗೇ ಸೇರಿದ್ದು. ಅದನ್ನು ಅಲ್ಲಗಳೆಯುವ ಅಧಿಕಾರ ಇತರರಿಗಿಲ್ಲ. ಆದರೆ ಚೀಲವು ಆಜೀವ ಬಾಳುವ ವಸ್ತುವಲ್ಲ, ತೆಗೆದ ಚರ್ಮ ಮರಳಿ ಬಾರದು ಎಂಬೆರಡು ಸಂಗತಿಗಳನ್ನು ಮೊದಲೇ ತಿಳಿಸದೆ ಪಡೆದ ಒಪ್ಪಿಗೆಯನ್ನು ಒಪ್ಪಿಗೆಯೆಂದು ಕರೆಯಲಾಗದು. ವೈದ್ಯಶಾಸ್ತ್ರದ ಚರಿತ್ರೆಯನ್ನು ಓದುವವರು ಯಾವ ಹೊಸ ಚಿಕಿತ್ಸೆಯನ್ನೇ ಆಗಲಿ ಪರೀಕ್ಷಿಸುವಾಗ, ಅದನ್ನು ಕಂಡುಹಿಡಿದವರಾರು ಎಂಬುದರೊಡನೆ ಅದರ ಅಪಾಯವನ್ನು ಯಾರಿಗೆ, ಯಾವಾಗ ತಿಳಿಸಲಾಯಿತು ಎಂಬುದನ್ನೂ ಕೇಳುವುದು ಅವಶ್ಯಕ.