ಹೃದಯಕ್ಕೆ ಅಂಕವಿಡುವ ಆಟಗಳು

ಕಂಪ್ಯೂಟರ್ ಆಟವೆಂದೊಡನೆ ನಮ್ಮ ಹಿರಿಯರ ಮುಖ ಗಂಟಿಕ್ಕುವುದು ಸಹಜ. ಹಣ ಕಟ್ಟಿ ಆಡುವ ರಮ್ಮಿ, ಬೆಟ್ಟಿಂಗ್ ಮುಂತಾದವುಗಳಿಂದ ಸಂಸಾರಗಳು ಬೀದಿಗೆ ಬಂದುದನ್ನು ಸಿಂಧನೂರು, ಮಸ್ಕಿ, ಲಿಂಗಸುಗೂರು ಭಾಗದ ಜನ ಅರಿಯದವರೇನಲ್ಲ. ಅಂಥ ಹಣದಾಟಗಳನ್ನು ನಿಷೇಧಿಸುವ ಮಸೂದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಆದರೆ ಎಲ್ಲ ಆಟಗಳೂ ಜೂಜಲ್ಲ. ಪಣವಿಲ್ಲದ ಆಟಗಳಿಗೆ ಅದೇ ಕಾನೂನು ಪ್ರೋತ್ಸಾಹದ ಮಾತನ್ನೂ ಆಡಿದೆ. ದೊಡ್ಡ ಕಂಪನಿಯ ಹಂಗಿಲ್ಲದೆ ಒಬ್ಬಿಬ್ಬರು ತಾವೇ ರಚಿಸಿ ತಾವೇ ಮಾರುವ ಆಟಗಳಿವೆ. ಅವನ್ನು ಇಂಡಿ ಆಟಗಳೆನ್ನುತ್ತಾರೆ. ಅವುಗಳಲ್ಲಿ ಎರಡು ಬಗೆಗಳು ನಮ್ಮ ಗಮನ ಸೆಳೆಯುತ್ತವೆ. ಬೇಸಾಯ, ಅಂಗಡಿ, ಊರು ಇವುಗಳ ನಡೆಯನ್ನು ಪರದೆಯ ಮೇಲೆ ಅನುಕರಿಸುವ ಸಿಮ್ಯುಲೇಶನ್ ಆಟ ಒಂದು. ಒಬ್ಬರ ಮನಸ್ಸನ್ನು ಇನ್ನೊಬ್ಬರು ಗೆಲ್ಲುವುದನ್ನೇ ವಸ್ತುವಾಗಿಸಿಕೊಂಡ ಡೇಟಿಂಗ್ ಆಟ ಮತ್ತೊಂದು.

ಇವೆರಡೂ ಜಪಾನಿನಲ್ಲಿ ಚೆನ್ನಾಗಿ ಬೇರುಬಿಟ್ಟವು. 1994ರಲ್ಲಿ ಕೊನಾಮಿ ಕಂಪನಿಯು ‘ಟೋಕಿಮೆಕಿ ಮೆಮೋರಿಯಲ್’ ಎಂಬ ಆಟವನ್ನು ಹೊರತಂದಿತು. ಪ್ರೌಢಶಾಲೆಯ ಮೂರು ವರ್ಷಗಳಲ್ಲಿ ಸಹಪಾಠಿಯೊಬ್ಬಳ ಒಲವನ್ನು ಗಳಿಸುವುದೇ ಅದರ ಗುರಿ. 1996ರಲ್ಲಿ ಯಾಸುಹಿರೊ ವಾಡಾ ಎಂಬುವರ ‘ಹಾರ್ವೆಸ್ಟ್ ಮೂನ್’ ಬಂದಿತು. ಹಳ್ಳಿಗಾಡಿನಿಂದ ಟೋಕಿಯೋ ನಗರಕ್ಕೆ ಬಂದಿದ್ದ ಅವರು ತಮ್ಮೂರಿನ ನೆನಪಿನಿಂದ ಬೇಸಾಯವನ್ನೇ ಆಟವಾಗಿಸಿದರು. ಅದರಲ್ಲಿ ಮದುವೆಯನ್ನೂ ಸೇರಿಸಿದರು. ಈ ಎಳೆಯನ್ನು ಹಿಡಿದು ಅಮೆರಿಕದ ಎರಿಕ್ ಬರೋನ್ ಎಂಬ ಯುವಕ ಸುಮಾರು ನಾಲ್ಕೂವರೆ ವರ್ಷ ಒಬ್ಬನೇ ದುಡಿದನು. ಚಿತ್ರ, ಸಂಗೀತ, ಕಥೆ, ಪ್ರೋಗ್ರಾಂ ಎಲ್ಲವನ್ನೂ ತಾನೇ ರಚಿಸಿ, 2016ರ ಫೆಬ್ರವರಿಯಲ್ಲಿ ‘ಸ್ಟಾರ್‌ಡ್ಯೂ ವ್ಯಾಲಿ’ಯನ್ನು ಮಾರುಕಟ್ಟೆಗೆ ತಂದನು. 2024ರ ಕೊನೆಯ ವೇಳೆಗೆ ಅದರ 4 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು. ಒಬ್ಬನೇ ಮನುಷ್ಯನ ಶ್ರಮದ ಫಲ ಇಷ್ಟು ಜನರ ಮನೆಗೆ ಹೋದ ಉದಾಹರಣೆಗಳು ವಿರಳ.

ಆ ಆಟದೊಳಗಿನ ಬದುಕು ಹೇಗಿದೆಯೆಂಬುದನ್ನು ನೋಡೋಣ. ಪಟ್ಟಣದ ನೌಕರಿಯನ್ನು ಬಿಟ್ಟು ಅಜ್ಜನ ಹೊಲಕ್ಕೆ ಬಂದವನು ಬೀಜ ಬಿತ್ತುತ್ತಾನೆ, ಕೆರೆಯಿಂದ ನೀರು ತುಂಬಿಕೊಂಡು ಹನಿಸುತ್ತಾನೆ. ಕೆರೆ ಎಂದೂ ಬತ್ತುವುದಿಲ್ಲ. ನೀರು ಹಾಕುವುದನ್ನು ಮರೆತರೆ ಪೈರು ಬೆಳೆಯುವುದಿಲ್ಲವೇ ಹೊರತು ಒಣಗಿ ಸಾಯುವುದಿಲ್ಲ. ಊರಿನಲ್ಲಿ ಮದುವೆಗೆ ಒಪ್ಪಬಹುದಾದ ಹನ್ನೆರಡು ಮಂದಿ ಇದ್ದಾರೆ. ಪ್ರತಿಯೊಬ್ಬರ ಹೆಸರಿನ ಮುಂದೆ ಹತ್ತು ಹೃದಯಗಳ ಗೆರೆಯಿದೆ. ಒಂದು ಹೃದಯಕ್ಕೆ 250 ಅಂಕ. ಮಾತನಾಡಿಸಿದರೆ ಅಂಕ, ವಾರಕ್ಕೆ ಎರಡು ಸಲ ಮೆಚ್ಚಿನ ಉಡುಗೊರೆ ಕೊಟ್ಟರೆ ಇನ್ನಷ್ಟು ಅಂಕ. ಹಾರ್ವೆ ಎಂಬ ವೈದ್ಯನಿಗೆ ಕಾಫಿ ಇಷ್ಟವೆಂಬುದನ್ನು ತಿಳಿದವರಿಗೆ ಅವನ ಮನಸ್ಸಿನ ಬಾಗಿಲು ದೂರವಿಲ್ಲ. ಎಂಟು ಹೃದಯ ತುಂಬಿದಾಗ 200 ನಾಣ್ಯದ ಹೂಗುಚ್ಛ, ಹತ್ತು ತುಂಬಿದಾಗ 5,000 ನಾಣ್ಯದ ಪದಕ, ನಂತರ ಮದುವೆ. ಲೆಕ್ಕ ತಪ್ಪದೆ ನಡೆದವನಿಗೆ ಇಲ್ಲವೆಂಬ ಉತ್ತರ ಬರುವುದೇ ಇಲ್ಲ.

ಇದು ಬರೀ ಮನರಂಜನೆ, ಇಷ್ಟು ಆಳವಾಗಿ ಯೋಚಿಸುವುದೇಕೆ ಎಂದು ವಾಚಕರು ಕೇಳಬಹುದು. ಕಥೆಗಾರನು ತನ್ನ ಅಭಿಪ್ರಾಯವನ್ನು ಮಾತಿನಲ್ಲಿ ಹೇಳುತ್ತಾನೆ. ಆಟಗಾರಿಕೆಯನ್ನು ರಚಿಸುವವನು ಅದನ್ನು ನಿಯಮದಲ್ಲಿ ಹೇಳುತ್ತಾನೆ. ಯಾವುದಕ್ಕೆ ಅಂಕ, ಯಾವುದಕ್ಕೆ ದಂಡ, ಯಾವುದು ಲೆಕ್ಕಕ್ಕೇ ಇಲ್ಲ ಎಂದು ಅವನು ನಿರ್ಧರಿಸುವಾಗಲೇ ಭೂಮಿಯೆಂದರೇನು, ಮನುಷ್ಯನೆಂದರೇನು ಎಂಬ ಪ್ರಶ್ನೆಗಳಿಗೆ ಉತ್ತರ ಕೊಟ್ಟಾಗಿರುತ್ತದೆ. ಆಡುವವನು ಆ ಉತ್ತರವನ್ನು ಓದುವುದಿಲ್ಲ, ನೂರಾರು ಗಂಟೆ ಅಭ್ಯಾಸ ಮಾಡುತ್ತಾನೆ. ಅರಿಸ್ಟಾಟಲನು ಸ್ನೇಹವನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾನೆ: ಲಾಭಕ್ಕಾಗಿ, ಸುಖಕ್ಕಾಗಿ, ಸದ್ಗುಣಕ್ಕಾಗಿ. ಉಡುಗೊರೆಯಿಂದ ಅಂಕ ಏರುವ ಆಟ ಮೊದಲೆರಡನ್ನು ಸುಲಭವಾಗಿ ಅನುಕರಿಸಬಲ್ಲದು. ಇನ್ನೊಬ್ಬರ ಒಳಿತನ್ನು ಅವರಿಗಾಗಿಯೇ ಬಯಸುವ ಮೂರನೆಯದಕ್ಕೆ ಅದರಲ್ಲಿ ಅಂಕಣವೇ ಇಲ್ಲ.

ಈಗ ನಮ್ಮ ನೆಲಕ್ಕೆ ಬರೋಣ. ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ನಂಬಿ ಸಿಂಧನೂರು ಭತ್ತದ ನಾಡಾಯಿತು. ಆದರೆ ಕಾಲುವೆಯ ಮೇಲ್ಭಾಗದವರು ಗದ್ದೆ ತುಂಬಿಸಿಕೊಂಡ ಮೇಲೆ ಕೊನೆ ಭಾಗದ ರೈತರಿಗೆ ಏನು ಉಳಿಯುತ್ತದೆಂಬುದು ಪ್ರತಿ ವರ್ಷದ ಜಗಳ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿಹೋದಾಗ ಇಡೀ ಸೀಮೆ ಉಸಿರು ಬಿಗಿಹಿಡಿಯಿತು. ಮಸ್ಕಿ ಕಡೆಯ ಹಳ್ಳಿಗಳು ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕೆಂದು ಪಾಮನಕಲ್ಲೂರಿನಲ್ಲಿ 2020ರ ಕೊನೆಯಲ್ಲಿ ಧರಣಿ ಕುಳಿತವು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಒಂದು ಟನ್ ಅದಿರನ್ನು ಅಗೆದು ಪುಡಿಮಾಡಿದರೆ ಸಿಗುವ ಚಿನ್ನ ಕೆಲವೇ ಗ್ರಾಂ. ಬತ್ತದ ಕೆರೆ, ಕೈಗೆಟುಕುವ ಗಣಿ ಇವು ನಮ್ಮ ಅನುಭವವಲ್ಲ.

ಮದುವೆಯ ಮಾತೂ ಹಾಗೆಯೇ. ಆಟದ ರೈತನಿಗೆ ಹನ್ನೆರಡು ಸಂಬಂಧ ಕಾದಿರುತ್ತವೆ. ನಮ್ಮ ರಾಜ್ಯದಲ್ಲಿಯೋ, 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯಿಂದ ಅವಿವಾಹಿತ ಯುವಕರು, ಅವರಲ್ಲಿ ಹೆಚ್ಚಿನವರು ಬೇಸಾಯಗಾರರು, ಕನ್ಯೆ ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಹೊಲವಿದೆ, ನೌಕರಿಯಿಲ್ಲ ಎಂಬ ಕಾರಣಕ್ಕೆ ಸಂಬಂಧ ಮುರಿದ ಮಾತು ನಮ್ಮ ಹಳ್ಳಿಗಳಿಗೂ ಹೊಸದಲ್ಲ. ಹಾಗೆಂದು ಹೆಣ್ಣನ್ನು ದೂರುವುದು ನ್ಯಾಯವಲ್ಲ. ಸಾಲ, ದೂರದ ನೀರು, ಬಿಡುವಿಲ್ಲದ ದುಡಿಮೆ ಇವನ್ನು ತಾಯಿಯ ಬಾಳಿನಲ್ಲಿ ಕಂಡವಳು ಬೇಡವೆಂದರೆ ಅದಕ್ಕೆ ಅರ್ಥವಿದೆ. ವಧೂವರರ ಸ್ವತಂತ್ರ ಸಮ್ಮತಿಯೇ ವಿವಾಹವನ್ನು ಉಂಟುಮಾಡುತ್ತದೆಂದು ನಮ್ಮ ಧರ್ಮಸಭೆಯ ಕಾನೂನು ಹೇಳುತ್ತದೆ. ಆದುದರಿಂದಲೇ ಮದುವೆಗೆ ಮೊದಲು ಇಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿ, ನಿಮಗೆ ಒಪ್ಪಿಗೆಯೇ, ಯಾರದಾದರೂ ಒತ್ತಾಯವಿದೆಯೇ ಎಂದು ನಾವು ಕೇಳುತ್ತೇವೆ. ಇಲ್ಲವೆನ್ನುವ ಶಕ್ತಿಯಿಲ್ಲದ ಬಾಯಿಂದ ಬಂದ ಹೌದಿಗೆ ಬೆಲೆಯಿಲ್ಲ. ಡೇಟಿಂಗ್ ಆಟದ ದೊಡ್ಡ ಕೊರತೆ ಇದೇ: ಅಲ್ಲಿನ ಹೌದು ಕೀಲಿಗೆ ತೆರೆದುಕೊಂಡ ಬೀಗ.

ಹಾಗಾದರೆ ಇಂಥ ಆಟಗಳನ್ನು ದೂರವಿಡಬೇಕೇ? ನಮ್ಮ ಅಭಿಪ್ರಾಯ ಅದಲ್ಲ. ನಿಯಮವನ್ನು ಬರೆದವನು ಅದನ್ನು ಬೇರೆಯಾಗಿಯೂ ಬರೆಯಬಲ್ಲ. ‘ಟೋಕಿಮೆಕಿ ಮೆಮೋರಿಯಲ್’ನಲ್ಲಿಯೇ ಅದರ ಸುಳಿವಿದೆ. ಒಬ್ಬಳನ್ನು ಮಾತನಾಡಿಸಿ ಆಮೇಲೆ ಮರೆತರೆ ಅವಳ ನೋವು ಬಾಂಬಿನ ಗುರುತಾಗಿ ಕಾಣುತ್ತದೆ. ಅದು ಸಿಡಿದರೆ ಉಳಿದ ಗೆಳತಿಯರ ಕಣ್ಣಿನಲ್ಲಿಯೂ ಆಡುವವನ ಮಾನ ಇಳಿಯುತ್ತದೆ. 2018ರಲ್ಲಿ ಆಸ್ಟ್ರೇಲಿಯಾದ ಪುಟ್ಟ ತಂಡವೊಂದು ಹೊರತಂದ ‘ಫ್ಲಾರೆನ್ಸ್’ ಇನ್ನೂ ಮುಂದೆ ಹೋಯಿತು. ಅದರಲ್ಲಿ ಪ್ರೇಮಿಗಳ ಮಾತನ್ನು ತುಂಡುಗಳಾಗಿ ಜೋಡಿಸಬೇಕು. ಪರಿಚಯ ಬೆಳೆದಂತೆ ತುಂಡುಗಳು ಕಡಿಮೆಯಾಗುತ್ತವೆ, ಅಂದರೆ ಮಾತು ಸರಾಗವಾಗುತ್ತದೆ. ಕೊನೆಗೆ ಇಬ್ಬರೂ ಅಗಲುತ್ತಾರೆ. ತುಂಡುಗಳನ್ನು ಎಷ್ಟು ಜೋಡಿಸಿದರೂ ಆ ಅಗಲಿಕೆ ತಪ್ಪುವುದಿಲ್ಲ. ಅರ್ಧ ಗಂಟೆಯ ಈ ಆಟದಲ್ಲಿ ಸೋಲೂ ಇಲ್ಲ, ಗೆಲುವೂ ಇಲ್ಲ. ಎದುರಿಗಿರುವವರು ನಮ್ಮ ಕೈಗೊಂಬೆಯಲ್ಲವೆಂಬ ಅರಿವು ಮಾತ್ರ ಉಂಟು.

ರಚನೆಯ ಸಾಧನಗಳು ಇಂದು ಬಡವನಿಗೂ ಎಟುಕುತ್ತವೆ. ಸಂಭಾಷಣೆಯ ಆಟಗಳಿಗಾಗಿ 2004ರಿಂದ ‘ರೆನ್‌ಪೈ’ ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತಿದೆ. ನಾಟಕದ ಹಸ್ತಪ್ರತಿಯಂತೆ ಪಾತ್ರದ ಹೆಸರು, ಅದರ ಮಾತು, ಆಡುವವನ ಮುಂದಿಡುವ ಆಯ್ಕೆ ಇವನ್ನು ಸಾಲಾಗಿ ಬರೆದರೆ ಆಟದ ಎಲುಬುಗೂಡು ಸಿದ್ಧ. ಹೊಲ, ಸಂತೆ ಇವುಗಳ ಆಟಕ್ಕೆ ‘ಗೋಡೋ’ ಎಂಬ ಉಚಿತ ತಂತ್ರಾಂಶವುಂಟು. 2023ರಲ್ಲಿ ಬಂದ ಅದರ ನಾಲ್ಕನೆಯ ಆವೃತ್ತಿಯಿಂದ ಭಾರತೀಯ ಲಿಪಿಗಳ ಒತ್ತಕ್ಷರಗಳನ್ನು ಸರಿಯಾಗಿ ಮೂಡಿಸುವ ವ್ಯವಸ್ಥೆ ಬಂದಿದೆ.

ಮಾರಾಟದ ಮಾತು ಮಾತ್ರ ಅಷ್ಟು ಸುಲಭವಲ್ಲ. ‘ಸ್ಟೀಮ್’ ಎಂಬ ಅಂತರ್ಜಾಲ ಅಂಗಡಿಯಲ್ಲಿ ಒಂದು ಆಟವನ್ನು ಇಡಲು 100 ಡಾಲರ್, ಅಂದರೆ ಸುಮಾರು ಒಂಬತ್ತು ಸಾವಿರ ರೂಪಾಯಿ ಕಟ್ಟಬೇಕು. ಮಾರಾಟ 1,000 ಡಾಲರ್ ಮುಟ್ಟಿದರೆ ಅದು ಹಿಂದಿರುಗುತ್ತದೆ. ತೆರಿಗೆ ಕಳೆದು ಉಳಿಯುವ ಪ್ರತಿ 100 ರೂಪಾಯಿಯಲ್ಲಿ 30 ಅಂಗಡಿಗೆ ಸಲ್ಲುತ್ತದೆ. ನಮ್ಮ ಎಪಿಎಂಸಿಯ ದಲಾಲಿಯನ್ನು ದೂರುವವರು ಈ ಲೆಕ್ಕವನ್ನೊಮ್ಮೆ ನೋಡಬೇಕು. ‘ಇಚ್.ಐಒ’ ಎಂಬ ಇನ್ನೊಂದು ಅಂಗಡಿಯಲ್ಲಿ ಎಷ್ಟು ಪಾಲು ಕೊಡಬೇಕೆಂಬುದನ್ನು ರಚಿಸಿದವನೇ ಗೊತ್ತುಮಾಡಬಹುದು. ಆದರೆ ಅಲ್ಲಿ ಗಿರಾಕಿಗಳು ಕಡಿಮೆ. ಸ್ಟೀಮ್‌ನಲ್ಲಿ 2024ನೇ ಇಸವಿಯೊಂದರಲ್ಲಿಯೇ 18,000ಕ್ಕೂ ಹೆಚ್ಚು ಹೊಸ ಆಟಗಳು ಬಂದವು. ಎರಡು ಗಂಟೆಗಿಂತ ಕಡಿಮೆ ಆಡಿದ ಆಟವನ್ನು ಹದಿನಾಲ್ಕು ದಿನಗಳೊಳಗೆ ಹಿಂದಿರುಗಿಸಿ ಹಣ ಪಡೆಯುವ ಹಕ್ಕು ಗಿರಾಕಿಗಿದೆ. ಈ ಸೌಲಭ್ಯದಿಂದ 2021ರಲ್ಲಿ ‘ಸಮ್ಮರ್ ಆಫ್ 58’ ಎಂಬ ಕಿರು ಆಟದ ಕರ್ತೃ ಕಂಗೆಟ್ಟನು. ಆಟವನ್ನು ಪೂರ್ತಿ ಆಡಿ, ಮೆಚ್ಚಿ, ಹಣವನ್ನೂ ವಾಪಸು ಪಡೆದವರು ಬಹಳವಾದುದರಿಂದ ಕೆಲಕಾಲ ಈ ಕಸುಬನ್ನೇ ಬಿಡುವುದಾಗಿ ಸಾರಿದನು. ಕಾನೂನು ಬಿಟ್ಟುಕೊಟ್ಟ ಮಾತ್ರಕ್ಕೆ ಒಬ್ಬನ ಕೂಲಿಯನ್ನು ಕಿತ್ತುಕೊಳ್ಳುವುದು ಧರ್ಮವಾಗದೆಂಬುದನ್ನು ಆಡುವವರೂ ತಿಳಿಯಬೇಕು.

ಬೇಗ ಹಣ ಬೇಕೆನ್ನುವವನಿಗೆ ಡೇಟಿಂಗ್ ಆಟದಲ್ಲಿ ಇನ್ನೊಂದು ಸೆಳೆತವಿದೆ: ಒಲವನ್ನು ಬಿಟ್ಟು ಅಶ್ಲೀಲವನ್ನು ಮಾರುವುದು. ಪಾವತಿ ಕಂಪನಿಗಳ ಒತ್ತಡಕ್ಕೆ ಮಣಿದು 2025ರ ಜುಲೈನಲ್ಲಿ ಸ್ಟೀಮ್ ಅಂಥ ಕೆಲವು ಆಟಗಳನ್ನು ತೆಗೆದುಹಾಕಿತು, ಇಚ್.ಐಒ ಅವುಗಳನ್ನು ಹುಡುಕಾಟದಿಂದ ಮರೆಮಾಡಿತು. ಆ ಗಾಳಿಯಲ್ಲಿ ತಪ್ಪಿಲ್ಲದ ಆಟಗಳೂ ಮರೆಯಾದವೆಂದು ಅನೇಕ ಕರ್ತೃಗಳು ದೂರಿದರು. ಬೇರೆಯವರ ಮರ್ಜಿಯ ಮೇಲೆ ನಿಂತ ಸಂತೆಯಿದು ಎಂಬ ಎಚ್ಚರ ಇಲ್ಲಿಗೆ ಇಳಿಯುವವರಿಗೆ ಇರಲಿ. ಓದು ಬಿಡಬೇಡಿ, ಹೊಲ ಮಾರಬೇಡಿ, ಸಾಲ ಮಾಡಬೇಡಿ ಎಂಬುದೇ ನಮ್ಮ ಬುದ್ಧಿಮಾತು.

ನಮ್ಮ ನಾಡಿಗೆ ಈ ವಿದ್ಯೆ ಹೊಸದಲ್ಲ. 1997ರಲ್ಲಿ ರಾಜೇಶ್ ರಾವ್ ಅವರು ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಸಂಸ್ಥೆಯನ್ನು ಕಟ್ಟಿದರು. ಅಲ್ಲಿನ ಕಲಾವಿದರು ವಿದೇಶಿ ಕಂಪನಿಗಳ ಪ್ರಸಿದ್ಧ ಆಟಗಳಿಗಾಗಿ ದುಡಿದರು. 2019ರಲ್ಲಿ ಆ ಸಂಸ್ಥೆಯು ಅಮೆರಿಕದ ರಾಕ್‌ಸ್ಟಾರ್ ಗೇಮ್ಸ್ ಪಾಲಾಯಿತು. ಅನಿಮೇಶನ್ ಮತ್ತು ಗೇಮಿಂಗ್ ಕ್ಷೇತ್ರಕ್ಕಾಗಿ ದೇಶದಲ್ಲಿ ಮೊದಲು ನೀತಿ ರೂಪಿಸಿದ ರಾಜ್ಯ ಕರ್ನಾಟಕ, ಅದು 2012ರಲ್ಲಿ. 2024ರಿಂದ 2029ರವರೆಗಿನ ಹೊಸ ನೀತಿಯೂ ಜಾರಿಯಲ್ಲಿದೆ. ಕೈಚಳಕವಿದೆ, ನೀತಿಯಿದೆ. ಪರರ ನಿಯಮಕ್ಕೆ ಬಣ್ಣ ತುಂಬಿದ ಕೈಗಳು ತಮ್ಮದೇ ನಿಯಮವನ್ನು ಬರೆಯುವ ಕೆಲಸ ಹೆಚ್ಚಾಗಬೇಕಾಗಿದೆ.

ಮಸ್ಕಿಯ ಬಂಡೆಯ ಮೇಲೆ 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಕಂಡ ಶಾಸನವು ದೇವಾನಾಂಪ್ರಿಯನ ಹೆಸರು ಅಶೋಕನೆಂದು ತೋರಿಸಿಕೊಟ್ಟಿತು. ಅದರ ಒಕ್ಕಣೆಯ ಸಾರವೂ ನೆನೆಯತಕ್ಕದ್ದು: ಧರ್ಮದ ಸಾಧನೆ ದೊಡ್ಡವರಿಗಷ್ಟೇ ಮೀಸಲಲ್ಲ, ಸಾಮಾನ್ಯನಿಗೂ ಸಾಧ್ಯ. ಆಟದ ರಚನೆಯೂ ದೊಡ್ಡ ಕಂಪನಿಗಳಿಗಷ್ಟೇ ಮೀಸಲಲ್ಲ. ನಮ್ಮ ಕಾಲೇಜುಗಳ ತರುಣ ತರುಣಿಯರು ಅರ್ಧ ಗಂಟೆಯ ಒಂದು ಚಿಕ್ಕ ಆಟದಿಂದ ಆರಂಭಿಸಲಿ. ಅದರಲ್ಲಿ ಮೇಲ್ಭಾಗದವನು ಹೆಚ್ಚು ನೀರು ತಿರುಗಿಸಿಕೊಂಡರೆ ಕೊನೆ ಭಾಗದವನ ಗದ್ದೆ ಒಣಗಲಿ. ಸಂಬಂಧ ನೋಡಲು ಬಂದವನಿಗೆ ಕನ್ಯೆ ಪ್ರಶ್ನೆ ಕೇಳಲಿ, ಉತ್ತರ ಒಪ್ಪಿಗೆಯಾಗದಿದ್ದರೆ ಬೇಡವೆನ್ನಲಿ. ಮಾರುವ ಮುನ್ನ ಆ ಆಟವನ್ನು ಕಾಲುವೆಯ ಕೊನೆಯಲ್ಲಿರುವ ಒಬ್ಬ ರೈತನಿಗೂ ಮದುವೆಯ ವಯಸ್ಸಿನ ಒಬ್ಬ ಹೆಣ್ಣುಮಗಳಿಗೂ ಆಡಲು ಕೊಡಲಿ. ನಿಯಮ ಸತ್ಯವೇ, ಅಲ್ಲವೇ ಎಂದು ಹೇಳಲು ಅವರಿಗಿಂತ ಅರ್ಹರಾದ ಪರೀಕ್ಷಕರು ಬೇರೆಲ್ಲಿಯೂ ಸಿಗಲಾರರು.