ಗಾಡಿಗೆ ತೊಡಿಸುವ ಬಣ್ಣ

ನಮ್ಮ ಕಾಲೇಜಿನ ಆವರಣದಲ್ಲಿ ಸಾಲಾಗಿ ನಿಲ್ಲುವ ಮೋಟಾರು ಸೈಕಲುಗಳನ್ನು ಗಮನವಿಟ್ಟು ನೋಡಿದವರಿಗೆ ಒಂದು ಸೋಜಿಗ ಕಂಡಿರಬಹುದು. ದಸರಾ ರಜೆಗೆ ಮುಂಚೆ ಕಪ್ಪಗಿದ್ದ ಗಾಡಿ ರಜೆ ಮುಗಿದ ಮೇಲೆ ಕಡುನೀಲಿಯಾಗಿ ಬರುತ್ತದೆ. ನಂಬರು ಅದೇ, ಸವಾರನೂ ಅವನೇ. “ಬಣ್ಣ ಹೊಡೆಸಿದೆಯೇನೋ?” ಎಂದು ಕೇಳಿದರೆ “ಇಲ್ಲ, ರ‍್ಯಾಪ್ ಮಾಡಿಸಿದೆ” ಎಂಬ ಉತ್ತರ. ಅಧ್ಯಾಪಕರೊಬ್ಬರು ಇದನ್ನು “ಗಾಡಿಗೆ ಅಂಗಿ ತೊಡಿಸುವ ಹುಚ್ಚು” ಎಂದು ತರಗತಿಯಲ್ಲಿ ಹಾಸ್ಯ ಮಾಡಿದರು; ನಾವೆಲ್ಲ ನಕ್ಕೆವು. ಆದರೆ ಹಾಸ್ಯಕ್ಕೆಂದು ಆಡಿದ ಆ ಮಾತು ನಿಜಕ್ಕೆ ಬಹಳ ಹತ್ತಿರವಾಗಿದೆ. ಇದು ಬಣ್ಣವಲ್ಲ, ಅಂಗಿಯೇ ಸರಿ. ಆ ಅಂಗಿ ತೊಡಿಸುವವರಲ್ಲಿ ನನ್ನ ಅಣ್ಣನೂ ಒಬ್ಬ. ಎಸ್.ಎಸ್.ಎಲ್.ಸಿ.ಗೆ ಓದು ನಿಲ್ಲಿಸಿ ಅರಸೀಕೆರೆಯ ಸ್ಟಿಕ್ಕರ್ ಅಂಗಡಿಯೊಂದಕ್ಕೆ ಸೇರಿದವನು. ನಮ್ಮ ಮನೆತನದಲ್ಲಿ ಪದವಿ ತರಗತಿಯ ಬೆಂಚಿನ ಮೇಲೆ ಕುಳಿತವನು ನಾನೇ ಮೊದಲಿಗ. ಆ ಬೆಂಚಿನ ಶುಲ್ಕ ಬಂದದ್ದು ಆ ಅಂಗಡಿಯಿಂದ. ಆದುದರಿಂದ ಈ ವಿಷಯವನ್ನು ಕುರಿತು ನಾಲ್ಕು ಮಾತು ಬರೆಯುವ ಹಕ್ಕು ನನಗುಂಟೆಂದು ಭಾವಿಸಿದ್ದೇನೆ.

ಮೊದಲು ಈ ವಸ್ತು ಯಾವುದೆಂದು ನೋಡೋಣ. ತೋಟಕ್ಕೆ ನೀರು ಹಾಯಿಸುವ ಪಿ.ವಿ.ಸಿ. ಪೈಪು ನಮಗೆಲ್ಲ ಗೊತ್ತು. ಈ ಹಾಳೆಯೂ ಅದೇ ಕುಲದ್ದು. 1872ರಲ್ಲಿ ಜರ್ಮನಿಯ ಬೌಮನ್ ಎಂಬ ರಸಾಯನಶಾಸ್ತ್ರಜ್ಞ ಇದನ್ನು ಕಂಡಾಗ ಅದು ಗಡುಸಾಗಿ, ಬಾಗಿಸಿದರೆ ಮುರಿಯುವಂತಿತ್ತು. 1926ರಲ್ಲಿ ಅಮೆರಿಕದ ವಾಲ್ಡೊ ಸೆಮನ್ ಅದಕ್ಕೆ ಬೇರೆ ದ್ರವಗಳನ್ನು ಬೆರೆಸಿ ಮೆದುಮಾಡಿದ. ಆ ಮೆದುತನವೇ ಇಂದು ಗಾಡಿಯ ಮೈಮೇಲೆ ಕುಳಿತಿರುವುದು.

ಹಾಳೆಯಲ್ಲಿ ಎರಡು ಜಾತಿ. ಒಂದನ್ನು ಬಿಸಿ ಉರುಳೆಗಳ ನಡುವೆ ಒತ್ತಿ ತೆಳ್ಳಗೆ ಮಾಡುತ್ತಾರೆ. ಇನ್ನೊಂದನ್ನು ದ್ರವರೂಪದಲ್ಲಿ ಹುಯ್ದು ಒಣಗಿಸುತ್ತಾರೆ. ಚಪಾತಿಗೂ ದೋಸೆಗೂ ಇರುವ ವ್ಯತ್ಯಾಸವೇ ಇದು. ಲಟ್ಟಿಸಿದ ಚಪಾತಿ ಮಣೆಯ ಮೇಲೆ ಬಿಟ್ಟೊಡನೆ ಸ್ವಲ್ಪ ಒಳಕ್ಕೆ ಎಳೆದುಕೊಳ್ಳುವುದನ್ನು ಅಡಿಗೆಮನೆಯಲ್ಲಿ ಕಂಡಿದ್ದೇವೆ. ಹುಯ್ದ ದೋಸೆಗೆ ಆ ಹಟವಿಲ್ಲ. ಇದ್ದ ಹಾಗೆ ಇರುತ್ತದೆ. ಒತ್ತಿ ಮಾಡಿದ ಹಾಳೆಯೂ ಬಿಸಿಲಿಗೆ ಸಿಕ್ಕಾಗ ತನ್ನ ಹಳೆಯ ಅಳತೆಗೆ ಮರಳಲು ಹವಣಿಸಿ ಅಂಚಿನಲ್ಲಿ ಮೇಲೇಳುತ್ತದೆ. ಅದು ಸಾಮಾನ್ಯವಾಗಿ 75ರಿಂದ 100 ಮೈಕ್ರಾನ್ ದಪ್ಪ. ಹುಯ್ದ ಹಾಳೆ ಸುಮಾರು 50 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಪಾಲು. ದಪ್ಪನೆಯದು ಅಗ್ಗ, ತೆಳುವಾದದ್ದು ತುಟ್ಟಿ. ಗಿರಾಕಿಗೆ ಈ ಮಾತು ನಂಬಿಸುವುದೇ ಅರ್ಧ ಕೆಲಸವೆಂದು ಅಣ್ಣ ಹೇಳುತ್ತಾನೆ.

ಇನ್ನು ಹಾಳೆಯನ್ನು ಕೂರಿಸುವ ಬಗೆ. ಇದು ಪುಸ್ತಕಕ್ಕೆ ರಟ್ಟು ಹಾಕಿದಂತೆ ಎಂದು ತಿಳಿದವರು ಒಂದು ಪ್ರಯೋಗ ಮಾಡಬಹುದು. ತೆಂಗಿಗೆ ಬರವಿಲ್ಲದ ಊರು ನಮ್ಮದು. ಒಂದು ಕೊಳವೆಗೆ ಕಾಗದ ಸುತ್ತಿ; ನೆಟ್ಟಗೆ ಕೂರುತ್ತದೆ. ಅದೇ ಕಾಗದವನ್ನು ಒಂದು ತೆಂಗಿನಕಾಯಿಗೆ ಸುತ್ತಿ. ಎಷ್ಟು ಜಾಣತನದಿಂದ ಸುತ್ತಿದರೂ ಎಲ್ಲಿಯೋ ಒಂದು ಕಡೆ ಸುಕ್ಕು ಬಂದೇ ಬರುತ್ತದೆ. ಕೊಳವೆ ಬಾಗಿರುವುದು ಒಂದೇ ದಿಕ್ಕಿಗೆ, ಕಾಯಿ ಬಾಗಿರುವುದು ಎರಡು ದಿಕ್ಕಿಗೆ. ಹಿಗ್ಗದ ಹಾಳೆ ಎರಡು ದಿಕ್ಕಿನ ಬಾಗಿಗೆ ಹೊಂದಲಾರದೆಂಬುದು ಗಣಿತದ ಸತ್ಯ. ಮೋಟಾರು ಸೈಕಲಿನ ಪೆಟ್ರೋಲು ಟ್ಯಾಂಕಾದರೋ ಮುಂದೆ ಉಬ್ಬು, ಮಂಡಿ ತಾಗುವಲ್ಲಿ ತಗ್ಗು, ಹಿಂದೆ ಸಪೂರ. ಕಾರಿನ ಬಾಗಿಲಿಗೆ ಸುತ್ತುವುದು ಇದರ ಮುಂದೆ ಮಕ್ಕಳಾಟ. ಹಾಳೆ ಹಿಗ್ಗಲೇಬೇಕು. ಹಿಗ್ಗಿಸುವುದಕ್ಕೆ ಶಾಖ ಬೇಕು.

ಅಣ್ಣ ಮೊದಲು ಸೀಟು ಬಿಚ್ಚುತ್ತಾನೆ. ಟ್ಯಾಂಕಿನ ಮುಚ್ಚಳ, ಕಂಪೆನಿಯ ಲಾಂಛನ ಎಲ್ಲವನ್ನೂ ಕಳಚುತ್ತಾನೆ. ಸೋಪಿನ ನೀರಿನಲ್ಲಿ ತೊಳೆದು, ಒಣಗಿಸಿ, ಸ್ಪಿರಿಟ್ಟಿನಿಂದ ಜಿಡ್ಡು ಒರೆಸುವುದರಲ್ಲೇ ಬೆಳಗಿನ ಹೊತ್ತು ಕಳೆಯುತ್ತದೆ. ಒಂದು ಧೂಳಿನ ಕಣ ಒಳಗೆ ಸೇರಿದರೂ ಮೇಲೆ ಸಾಸಿವೆ ಕಾಳಿನಂತೆ ಎದ್ದು ಕಾಣುತ್ತದೆ. ಆ ಹೊತ್ತಿನಲ್ಲಿ ಅಂಗಡಿಯ ಫ್ಯಾನು ಹಾಕುವಂತಿಲ್ಲ. ಆಮೇಲೆ ಒಂದೂವರೆ ಮೀಟರು ಅಗಲದ ಸುರುಳಿಯಿಂದ ತುಂಡು ಕತ್ತರಿಸಿ, ಹಿಂದಿನ ಕಾಗದ ಸುಲಿದು, ಇಬ್ಬರು ಎರಡು ಕಡೆ ಹಿಡಿದು ಟ್ಯಾಂಕಿನ ನೆತ್ತಿಯ ಮೇಲೆ ಇಳಿಸುತ್ತಾರೆ. ನಡುವಿನಿಂದ ಹೊರಕ್ಕೆ, ಬಟ್ಟೆ ಅಂಚಿನ ಪ್ಲಾಸ್ಟಿಕ್ ಪಟ್ಟಿಯಿಂದ ಒತ್ತುತ್ತ ಹೋಗಬೇಕು. ಒಳ್ಳೆಯ ಹಾಳೆಯ ಅಂಟಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಾಲುವೆಗಳಿರುತ್ತವೆ. ಸಿಕ್ಕಿಬಿದ್ದ ಗಾಳಿ ಅವುಗಳ ಮೂಲಕ ಹೊರಗೆ ಹೋಗುತ್ತದೆ. ಸುಕ್ಕು ಬಂದಲ್ಲಿ ಎತ್ತಿ, ಹೀಟ್ ಗನ್ನಿನಿಂದ ಬಿಸಿಗಾಳಿ ಹಾಯಿಸಿ, ಮತ್ತೆ ಎಳೆದು ಕೂರಿಸಬೇಕು. ಅತಿಯಾಗಿ ಎಳೆದರೆ ಅಲ್ಲಿ ಬಣ್ಣ ತೆಳುವಾಗಿ ಬೆಳ್ಳಗಾಗುತ್ತದೆ. ಕಡಿಮೆ ಎಳೆದರೆ ಸುಕ್ಕು. ಇವೆರಡರ ನಡುವಣ ಹದ ಯಾವ ಪುಸ್ತಕದಿಂದಲೂ ಬರುವಂಥದಲ್ಲ. ಬೆರಳಿನ ತುದಿಗೆ ಗೊತ್ತಾಗಬೇಕು. ಕೊನೆಗೆ ಎಳೆದ ಜಾಗಗಳಿಗೆಲ್ಲ ಸುಮಾರು ನೂರು ಡಿಗ್ರಿ ಸೆಲ್ಸಿಯಸ್ ಶಾಖ ಕೊಟ್ಟು ಹಾಳೆಯ ಹಳೆಯ ನೆನಪನ್ನು ಅಳಿಸುತ್ತಾರೆ. ಅದು ತಾನು ಹುಟ್ಟಿದ್ದೇ ಟ್ಯಾಂಕಿನ ಆಕಾರದಲ್ಲಿ ಎಂದು ನಂಬಿಬಿಡುತ್ತದೆ!

ಇದರಿಂದ ಪ್ರಯೋಜನವೇನೆಂದು ಕೇಳಬಹುದು. ಬಣ್ಣ ಹೊಡೆಸುವಾಗ ಹಳೆಯದನ್ನು ಉಜ್ಜಿ ತೆಗೆಯಬೇಕಾಗುತ್ತದೆ, ತೆಗೆದದ್ದು ಹೋಯಿತು. ಇಲ್ಲಿ ಕಾರ್ಖಾನೆಯ ಬಣ್ಣ ಕೆಳಗೆ ಹಾಗೆಯೇ ಉಳಿಯುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿಂದ ಹೊರಬಂದ ಜಾವಾ, ಯೆಜ್ಡಿ ಗಾಡಿಗಳನ್ನು ಇಂದಿಗೂ ಪ್ರೀತಿಯಿಂದ ಇಟ್ಟುಕೊಂಡವರು ಮೊದಲ ಬಣ್ಣಕ್ಕೆ ಎಷ್ಟು ಬೆಲೆ ಕೊಡುತ್ತಾರೆಂದು ಕೇಳಿದರೆ ಈ ಮಾತಿನ ತೂಕ ತಿಳಿಯುತ್ತದೆ. ಆದರೆ ಹಾಳೆ ಮಂತ್ರದಂಡವಲ್ಲ. ತುಕ್ಕು ಹಿಡಿದ ಟ್ಯಾಂಕಿಗೆ ಸುತ್ತಿದರೆ ತುಕ್ಕು ಒಳಗೇ ಬೆಳೆದು ಬೊಕ್ಕೆ ಏಳುತ್ತದೆ. ನೆಗ್ಗು ಮುಚ್ಚುವುದಿಲ್ಲ, ಎದ್ದು ತೋರುತ್ತದೆ. ಬೀದಿ ಬದಿಯಲ್ಲಿ ಹೊಡೆಸಿದ ಕಳಪೆ ಬಣ್ಣದ ಮೇಲೆ ಅಂಟಿಸಿದರೆ, ಬಿಚ್ಚುವ ದಿನ ಬಣ್ಣವೂ ಹಾಳೆಯೊಡನೆ ಬರುತ್ತದೆ. ಪೆಟ್ರೋಲು ಚೆಲ್ಲಿದರೆ ಕೂಡಲೆ ಒರೆಸಬೇಕು. ಸೈಲೆನ್ಸರಿಗೆ ಸುತ್ತುವಂತಿಲ್ಲ. ಸರ್ವೀಸ್ ಸ್ಟೇಷನ್ನಿನಲ್ಲಿ ನೀರಿನ ಧಾರೆಯನ್ನು ಅಂಚಿಗೆ ಹತ್ತಿರ ಹಿಡಿಯಬಾರದು.

ಇವೆಲ್ಲಕ್ಕಿಂತ ಮುಖ್ಯವಾದ, ನಮ್ಮ ಮಿತ್ರರು ಕಿವಿಗೆ ಹಾಕಿಕೊಳ್ಳದ ಸಂಗತಿ ಇನ್ನೊಂದಿದೆ. ಆರ್.ಸಿ.ಯಲ್ಲಿ ಗಾಡಿಯ ಬಣ್ಣವೂ ದಾಖಲಾಗಿರುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ. ಆದುದರಿಂದ ಇಡೀ ಗಾಡಿಯ ಬಣ್ಣ ಬದಲಿಸುವವರು ಮೊದಲು ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿ, ಒಪ್ಪಿಗೆ ಪಡೆದು, ಹೊಸ ಬಣ್ಣವನ್ನು ಪತ್ರದಲ್ಲಿ ಬರೆಸಿಕೊಳ್ಳುವುದೇ ಕ್ಷೇಮ. ಸೈನ್ಯದ ಆಲಿವ್ ಹಸುರನ್ನಂತೂ ಕೇಳಲೇ ಬಾರದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೆಯ ನಿಯಮದಂತೆ ಆ ಬಣ್ಣ ರಕ್ಷಣಾ ಇಲಾಖೆಯ ವಾಹನಗಳಿಗೆ ಮೀಸಲು.

ಕಳೆದ ವರ್ಷ ಒಂದು ಸಂಜೆ ನಾನು ಅಂಗಡಿಯಲ್ಲಿದ್ದಾಗ ಅಪರಿಚಿತನೊಬ್ಬ ಬಂದು, “ಅಣ್ಣಾ, ಬೆಳಗಾಗೋದ್ರೊಳಗೆ ಕೆಂಪು ಕಾಣಬಾರದು, ದುಡ್ಡು ಎಷ್ಟಾದ್ರೂ ಪರವಾಗಿಲ್ಲ” ಎಂದ. ಅಣ್ಣ, “ಆರ್.ಸಿ. ತೋರಿಸಪ್ಪ” ಎಂದ. ಮನೆಯಲ್ಲಿದೆ ಎಂದ ಆತ. “ಹಂಗಾದ್ರೆ ತಗೊಂಡು ಬಾ, ಇರ‍್ತೀನಿ.” ಅವನು ಮರಳಿ ಬರಲಿಲ್ಲ. ಅದು ನನ್ನ ಪರೀಕ್ಷಾ ಶುಲ್ಕ ಕಟ್ಟುವ ವಾರ. ಅಣ್ಣ ಆ ದುಡ್ಡನ್ನು ಬೇರೊಬ್ಬರಿಂದ ಕೈಗಡ ತಂದ.

ಹೊಸ ಬಣ್ಣ ತೊಟ್ಟ ಗಾಡಿಗಳು ಭಾನುವಾರ ಜಾವಗಲ್ಲಿನ ಮೇಲೆ ಹಳೇಬೀಡಿಗೆ, ಅಲ್ಲಿಂದ ಬೇಲೂರಿಗೆ ಹೋಗುವುದು ವಾಡಿಕೆ, ಭಾವಚಿತ್ರ ತೆಗೆದುಕೊಳ್ಳಬೇಕಲ್ಲ! ಒಮ್ಮೆ ಅಣ್ಣನೊಡನೆ ನಾನೂ ಹೋಗಿದ್ದೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವನ ಗುಡಿಯಲ್ಲಿ ಅಣ್ಣ ಮದನಿಕೆಯೊಬ್ಬಳ ಭುಜವನ್ನು ಬಹಳ ಹೊತ್ತು ನೋಡಿ, “ಇಲ್ಲಿ ಹಾಳೆ ಕೂರಲ್ಲ ಕಣೋ, ಮೂರು ಕಡೆ ಜೋಡಣೆ ಬೇಕು” ಎಂದ. ನನಗೆ ನಗು ಬಂತು. ಆದರೆ ಆ ಬಾಗನ್ನು ಅಷ್ಟು ನಿಷ್ಠೆಯಿಂದ ನೋಡಿದವರು ಆ ದಿನ ಬೇರೆ ಯಾರೂ ಇರಲಿಲ್ಲ. ಬಳಪದ ಕಲ್ಲು ತೆಗೆದಾಗ ಮೆದು, ಗಾಳಿಗೆ ಗಡುಸಾಗುತ್ತ ಹೋಗುತ್ತದೆಂದು ನಾನು ಅವನಿಗೆ ವಿವರಿಸಿದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಾವು ಕಡೆದ ಮೂರ್ತಿಗಳಲ್ಲಿ ತಮ್ಮ ಹೆಸರು ಕೊರೆದಿಟ್ಟಿದ್ದಾರೆಂದೂ ಹೇಳಿದೆ. “ನಮ್ದು ನಾಲ್ಕೈದು ವರ್ಷಕ್ಕೆ ಬಿಚ್ಚೋ ಕೆಲಸ, ಹೆಸರು ಎಲ್ಲಿ ಬರೀಲಿ?” ಎಂದು ಅವನು ಮುಂದೆ ನಡೆದ.

ಬಿಚ್ಚುವುದಕ್ಕೂ ಒಂದು ಕ್ರಮವಿದೆ. ಹಾಳೆಯನ್ನು ಬೆಚ್ಚಗೆ ಮಾಡಿ, ಮೇಲಕ್ಕೆ ಕೀಳದೆ, ಮೈಗೆ ಒರಗಿದಂತೆ ಮೆಲ್ಲನೆ ಹಿಂದಕ್ಕೆ ಎಳೆಯಬೇಕು. ಆಯುಷ್ಯ ಮೀರಿದ ಹಾಳೆ ಚೂರುಚೂರಾಗಿ ಬಂದು ಅಂಟು ಉಳಿಸುತ್ತದೆ. ಈಚೆಗೆ ಒಬ್ಬ ರೈತರು ಗಾಡಿ ಮಾರುವ ಮುಂಚೆ ಹಾಳೆ ತೆಗೆಸಲು ತಂದಿದ್ದರು. ಸುತ್ತಿದವನು ಅಣ್ಣನೇ. ಮಾಸಿದ ಬೂದಿ ಬಣ್ಣ ಸುಲಿಯುತ್ತ ಹೋದಂತೆ ಅಡಿಯಿಂದ ಕೆಂಪು ಟ್ಯಾಂಕು ಒಂದು ಗೀರೂ ಇಲ್ಲದೆ ಹೊರಬಂತು. ಅವರು ಅದರ ಮೇಲೆ ಅಂಗೈ ಆಡಿಸಿ, “ಇದನ್ನ ಮಾರೋದಾ ಬೇಡ್ವಾ ಅಂತ ಈಗ ಯೋಚನೆ ಬಂತಲ್ಲಪ್ಪಾ” ಎಂದರು.